ಓದಲು ತಡವರಿಸುವ ಮೋನು ಸೋಮಾರಿಯಲ್ಲ

ಯಾಸೀನ್ ಸೂರತ್ತನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿ ಒಪ್ಪಿಸುವ ಹುಡುಗ. ಒಂದು ಹರಕತ್ ಕೂಡ ತಪ್ಪುವುದಿಲ್ಲ. ಅದೇ ಸೂರತ್ತನ್ನು ಮುಸ್‌ಹಫ್ ತೆರೆದು ನಡುವಿನಿಂದ ಓದು ಅಂದರೆ ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಡುತ್ತಾನೆ. ಒಂದು ಚುಕ್ಕಿಯ ಬಾ, ಎರಡು ಚುಕ್ಕಿಯ ತಾ ನಿನ್ನೆ ಗೊತ್ತಿತ್ತು, ಇವತ್ತು ಇಲ್ಲ. ಶಾಲೆಯಲ್ಲಿ ಬ-ಭ, ವ-ಪ ಬಂದಾಗಲೂ ಇದೇ ಪಾಡು. ಒತ್ತಕ್ಷರದ ಮಾತಂತೂ ಬೇಡ. ಮದ್ರಸದಲ್ಲಿ ಕಲಿಸುವ ನಮ್ಮಂಥವರಿಗೆ ಇಂತಹ ಮಕ್ಕಳು ಹೊಸಬರಲ್ಲ. ಮನೆಯಲ್ಲಿ ಅಷ್ಟರಲ್ಲಿ ತೀರ್ಪು ಬಂದಿರುತ್ತದೆ: ಸೋಮಾರಿ, ಮೊಬೈಲ್ ಹುಚ್ಚು, ಇಲ್ಲವೇ ಯಾರದೋ ಕಣ್ಣು ಬಿದ್ದಿದೆ.

ನಾವಿರುವ ಸಂಡೂರು ಎಂದರೆ ಕರಾವಳಿಯ ಓದುಗರಿಗೆ ಮಂಗಳೂರು ಬಂದರಿಗೆ ಬರುತ್ತಿದ್ದ ಅದಿರಿನ ನೆನಪು. ಇಲ್ಲಿ ಬೀದಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಬ್ಯಾರಿ ಮನೆಯ ಮಗು ಒಳಗೆ ಬ್ಯಾರಿ ಮಾತಾಡಿ, ಬೆಳಿಗ್ಗೆ ಬಲದಿಂದ ಎಡಕ್ಕೆ ಅರಬಿ ಓದಿ, ಹತ್ತು ಗಂಟೆಗೆ ಎಡದಿಂದ ಬಲಕ್ಕೆ ಕನ್ನಡ, ಇಂಗ್ಲಿಷ್ ಓದಬೇಕು. ಊರಿಂದ ಹೊಸದಾಗಿ ಬಂದ ಮಗು ತಡವರಿಸಿದರೆ ಆಶ್ಚರ್ಯವಿಲ್ಲ, ದಿನ ಕಳೆದಂತೆ ಸರಿಹೋಗುತ್ತದೆ. ಭಾಷೆ ಬಾರದ್ದು ಬೇರೆ, ಅಕ್ಷರ ಹಿಡಿಯದ್ದು ಬೇರೆ. ಕಣ್ಣು, ಕಿವಿ ಸರಿಯಿದ್ದು, ಮಾತಿನಲ್ಲಿ ಚುರುಕಾಗಿದ್ದು, ವರ್ಷಗಟ್ಟಲೆ ಕಲಿಸಿದರೂ ಎಲ್ಲಾ ಲಿಪಿಗಳಲ್ಲೂ ಮಗು ಎಡವುತ್ತಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. ಡಿಸ್ಲೆಕ್ಸಿಯಾ ಎನ್ನುವುದು ಇದರ ಒಂದು ಬಗೆ. ಬುದ್ಧಿ ಕಡಿಮೆ ಎಂದು ಇದರರ್ಥವಲ್ಲ.

ಎಡಿಎಚ್‌ಡಿ ಇನ್ನೊಂದು. ಗಮನ ನಿಲ್ಲುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬರುತ್ತದೆ. ಗಂಡು ಮಕ್ಕಳಲ್ಲಿ ಗಲಾಟೆ ಎಂದು ಬೇಗ ಕಣ್ಣಿಗೆ ಬೀಳುತ್ತದೆ. ಹೆಣ್ಣು ಮಗು ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತರೆ ಯಾರಿಗೂ ಗೊತ್ತಾಗುವುದೇ ಇಲ್ಲ, ಪಾಪದ ಮಗು ಅಂತ ಬಿಟ್ಟುಬಿಡುತ್ತಾರೆ.

ಡಾಕ್ಟರ ಬಳಿ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಹನ್ನೆರಡು ವರ್ಷಕ್ಕಿಂತ ಮೊದಲೇ ಹೀಗಿತ್ತಾ? ಮನೆಯಲ್ಲಿ ಮಾತ್ರವಾ, ಬೇರೆ ಕಡೆಯೂ ಹೀಗೇನಾ? ಕನಿಷ್ಠ ಎರಡು ಕಡೆ ಲಕ್ಷಣ ಕಾಣದೆ ಎಡಿಎಚ್‌ಡಿ ಎಂದು ಹೇಳುವಂತಿಲ್ಲ. ನಮ್ಮ ಮಕ್ಕಳಿಗೆ ಮನೆ, ಶಾಲೆಯ ಜೊತೆಗೆ ಮೂರನೆಯ ಒಂದು ಜಾಗ ಇದೆಯಲ್ಲ? ದಿನಕ್ಕೆ ಒಂದೂವರೆ ಗಂಟೆ, ಅದೇ ಉಸ್ತಾದರ ಮುಂದೆ ವರ್ಷಗಟ್ಟಲೆ ಕೂರುವ ಮಗು. ಆ ಉಸ್ತಾದರು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಡಾಕ್ಟರಿಗೆ ಅದು ದೊಡ್ಡ ಸಹಾಯ. ಉಮ್ಮಂದಿರು ಆ ಹಾಳೆಯನ್ನು ಕೇಳಿ ಪಡೆಯಲು ನಾಚಬೇಕಾಗಿಲ್ಲ. ಮಂತ್ರಿಸಿದ ನೀರು, ನೂಲು ಎಂದು ನಂಬಿಕೆ ಇದ್ದವರು ದುಆ ಬಿಡಬೇಕೆಂದೂ ಇಲ್ಲ. ಆದರೆ ಅದಕ್ಕಾಗಿ ಆಸ್ಪತ್ರೆಯನ್ನು ಮುಂದೂಡಿದರೆ ಹೋಗುವುದು ಮಗುವಿನ ವರ್ಷ.

ಈ ಕೈಜೋಡಣೆ ಬಳ್ಳಾರಿ ಜಿಲ್ಲೆಗೆ ಹೊಸದೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ 1990ರವರೆಗೆ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಯೋಜನೆಯನ್ನು ಪ್ರಯೋಗ ಮಾಡಿ ನೋಡಿದ್ದು ಇದೇ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ರೋಗಿ ಬೆಂಗಳೂರಿಗೆ ಅಲೆಯದಂತೆ ಮಾಡುವುದು ಅದರ ಗುರಿ. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಆಧಾರ. ಕರಾವಳಿಯ ಜಿಲ್ಲೆಗಳಲ್ಲಿ ಈಗ ನಡೆಯುವ ಕಾರ್ಯಕ್ರಮದ ಬೇರೂ ಇಲ್ಲೇ ಇದೆ.

ಇಂದು ಹುಡುಕಿದರೆ ಸಿಗುವ ಜನ ಬೇರೆಯೂ ಇದ್ದಾರೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತದೆ. ಅವರ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ, ಎಡಿಎಚ್‌ಡಿಯೂ ಇದೆ. ಫೀಸು ಕಟ್ಟಿ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಕಳಿಸಿದ ನಮ್ಮ ಮಕ್ಕಳು ಮಾತ್ರ ಈ ತಪಾಸಣೆಯಿಂದ ಹೊರಗೇ ಉಳಿಯುತ್ತಾರೆ! ತಾಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು, ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಬೀದಿಯಲ್ಲಿ ಆಶಾ. ಇವರನ್ನು ಒಂದು ದಿನ ಮದ್ರಸಕ್ಕೆ ಕರೆಸಿ ಪೋಷಕರೊಡನೆ ಕೂರಿಸುವುದಕ್ಕೆ ಜಮಾಅತ್ ಕಮಿಟಿಗೆ ಚಹಾದ ಖರ್ಚು ಬಿಟ್ಟರೆ ಬೇರೇನಿಲ್ಲ. ನೆರೆಯ ತಾಂಡಾದವರನ್ನೂ ಕರೆಯಬೇಕು. ಅಕ್ಷರ ತಡವರಿಸುವ ಮಗುವಿಗೆ ಜಾತಿ ಇಲ್ಲ.

ಹಣದ ಮಾತು ಬಂದರೆ, ಗಣಿ ನಾಡಿನಲ್ಲಿ ಒಂದು ದಾರಿ ಇದೆ. 2015ರ ತಿದ್ದುಪಡಿಯಿಂದ ಗಣಿ ಕಂಪೆನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. ಅದರ ನಿಯಮದಲ್ಲಿ ಕನಿಷ್ಠ ಶೇ. 60 ಆದ್ಯತೆಯ ಕ್ಷೇತ್ರಗಳಿಗೆ ಎಂದು ಹೇಳಲಾಯಿತು. ಶಿಕ್ಷಣ, ಆರೋಗ್ಯ, ಅಂಗವಿಕಲರ ಕಲ್ಯಾಣ ಅದರಲ್ಲಿ ಸೇರಿವೆ. ಸಂಡೂರಿಗೆ ವಿಶೇಷ ಶಿಕ್ಷಕರೊಬ್ಬರನ್ನು ಕೊಡಿ ಎಂದು ಮಸೀದಿ, ಶಾಲೆಯ ಎಸ್‌ಡಿಎಂಸಿ, ತಾಂಡಾದ ಹಿರಿಯರು ಸೇರಿ ಜಿಲ್ಲಾಧಿಕಾರಿಗೆ ಒಂದೇ ಅರ್ಜಿ ಕೊಟ್ಟರೆ ಅದರ ತೂಕವೇ ಬೇರೆ.

ಮದ್ರಸದ ಒಳಗೆ ಆಗಬೇಕಾದ್ದಕ್ಕೆ ಯಾರ ಅರ್ಜಿಯೂ ಬೇಡ. ಚುಕ್ಕಿಗಳನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದು ತೋರಿಸಬಹುದು. ಇಡೀ ಪುಟ ಕಾಣದಂತೆ ರಟ್ಟಿನ ತುಂಡಿನಿಂದ ಒಂದೇ ಸಾಲನ್ನು ತೆರೆದಿಡಬಹುದು. ಕೂರಲಾರದ ಹುಡುಗನನ್ನು ಹಿಂದಿನ ಸಾಲಿಗೆ ದಬ್ಬದೆ ಮುಂದೆ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಬೋರ್ಡ್ ಒರೆಸಲೋ ನೀರು ತರಲೋ ಎಬ್ಬಿಸಬಹುದು. ಬರೆಯಲಾರದವನ ಪರೀಕ್ಷೆಯನ್ನು ಬಾಯಲ್ಲೇ ಕೇಳಬಹುದು, ಕಿತಾಬು ಬಾಯಲ್ಲಿದ್ದ ಕಾಲ ನಮ್ಮ ದೀನಿನಲ್ಲಿ ಇತ್ತಲ್ಲವೇ? ತಡವರಿಸುತ್ತಾ ಕಷ್ಟಪಟ್ಟು ಖುರ್‌ಆನ್ ಓದುವವರಿಗೆ ಎರಡು ಪ್ರತಿಫಲ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಬೆತ್ತದ ಏಟಿನಿಂದ ಅಕ್ಷರ ಹಿಡಿದ ಡಿಸ್ಲೆಕ್ಸಿಯಾ ಮಗುವನ್ನು ನಾವು ಕಂಡಿಲ್ಲ. ಮದ್ರಸ ಬಿಟ್ಟು, ಆಮೇಲೆ ಶಾಲೆಯನ್ನೂ ಬಿಟ್ಟು, ಗ್ಯಾರೇಜಿಗೋ ಬೇಕರಿಗೋ ಹೋದವರನ್ನು ಕಂಡಿದ್ದೇವೆ.

ಇನ್ನು ಕಾಗದಪತ್ರ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆ 21 ಬಗೆಗಳನ್ನು ಸೇರಿಸಿದಾಗ ಅದೂ ಬಂತು. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ, ಆದರೆ ಎರಡೂ ಒಂದೇ ಮಗುವಿನಲ್ಲಿರುವುದು ಅಪರೂಪವಲ್ಲ. 2018ರ ಕೇಂದ್ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಹದಿನಾಲ್ಕಕ್ಕೆ ಮತ್ತೆ, ಹದಿನೆಂಟಕ್ಕೆ ಕೊಡುವುದು ಜೀವನಪೂರ್ತಿ. ಎಸೆಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ವಿನಾಯಿತಿ ಸಿಗಬೇಕಾದರೆ ಈ ಕಾಗದ ಕೈಯಲ್ಲಿರಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಿದರೆ ಆಗುವ ಕೆಲಸ ಇದಲ್ಲ. ಸಂಡೂರಿನವರಿಗೆ ಹೊಸಪೇಟೆ ಹತ್ತಿರವಾದರೂ ಅದು 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಜಿಲ್ಲಾ ಕೇಂದ್ರ ಬಳ್ಳಾರಿ. ಅಲ್ಲಿಗೆ ಒಂದೆರಡು ಸಲವಾದರೂ ಹೋಗಿಬರಬೇಕಾದೀತು. ದಿನಗೂಲಿಯ ಬಾಪನಿಗೆ ಅದು ಕೂಲಿ ನಷ್ಟ, ಆ ಬಸ್ಸಿನ ಖರ್ಚನ್ನು ಜಮಾಅತ್ ಕೊಡಲಿ.

ಹೋಗುವ ಮೊದಲು ಮಾತಾಡಿ ನೋಡಬೇಕೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಹೊರಡುವಾಗ ಆಧಾರ್, ಹಿಂದಿನ ತರಗತಿಗಳ ಅಂಕಪಟ್ಟಿ, ಕಣ್ಣು-ಕಿವಿ ಪರೀಕ್ಷೆಯ ಚೀಟಿ, ಶಾಲೆಯ ಟೀಚರ್ ಮತ್ತು ಉಸ್ತಾದರು ಬರೆದ ಹಾಳೆ ಜೊತೆಗಿರಲಿ. ಮಗುವಿನ ಹಳೆಯ ನೋಟ್ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ, ಅವನ್ನೂ ತಗೊಂಡು ಹೋಗಿ.