ಬಾಗಿಲಲ್ಲಿ ಕುಂಬಳಕಾಯಿ ಇಟ್ಟರೆ ಅದು ಆಮಂತ್ರಣವೇ? ಹ್ಯಾಲೋವೀನ್ ಅಲಂಕಾರ, ಅಮೆರಿಕದ ಕಾನೂನು ಮತ್ತು ಒಂದು ಗುಂಡು

2024ರಲ್ಲಿ ದೀಪಾವಳಿ ಮತ್ತು ಹ್ಯಾಲೋವೀನ್ ಒಂದೇ ಸಂಜೆ ಬಿದ್ದಿದ್ದವು. ಅಕ್ಟೋಬರ್ 31. ನ್ಯೂಜೆರ್ಸಿಯಲ್ಲಿರುವ ನನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯ ತನ್ನ ಮನೆಯ ಮುಂಬಾಗಿಲ ಫೋಟೊ ಕಳಿಸಿದ್ದ. ಮೆಟ್ಟಿಲಿನ ಒಂದು ಬದಿಗೆ ಅವರಮ್ಮ ಹಾಕಿದ ರಂಗೋಲಿ, ಹಣತೆ. ಇನ್ನೊಂದು ಬದಿಗೆ ಮಗಳು ಕಣ್ಣು-ಹಲ್ಲು ಕೊರೆದ ಕುಂಬಳಕಾಯಿ, ಅದರೊಳಗೊಂದು ಎಲ್‌ಇಡಿ. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ, ಅದಕ್ಕೆ ಜೋತುಬಿದ್ದ ಹತ್ತಿಯ ಜೇಡರ ಬಲೆ. ಚೆನ್ನಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಮತ್ತೊಂದು ಮೆಸೇಜ್. ಅಲ್ಲಿ ರಾತ್ರಿ ಎಂಟು, ಇಲ್ಲಿ ರಾಜ್ಯೋತ್ಸವದ ಬೆಳಗಿನ ಜಾವ ಐದೂವರೆ. 'ಕ್ಯಾಂಡಿ ಖಾಲಿ ಆಯ್ತು ಕಣೋ. ಮಕ್ಕಳು ಬರ್ತಾನೇ ಇದಾರೆ. ಲೈಟ್ ಆಫ್ ಮಾಡೋಣ ಅಂದ್ರೆ ಅಮ್ಮ ಬಿಡ್ತಿಲ್ಲ.'

ಇಲ್ಲಿ ಸಮಸ್ಯೆ ಏನು ಅಂತ ಅರ್ಥವಾಗಬೇಕಾದರೆ ಆ ಅಲಂಕಾರದ ವ್ಯಾಕರಣ ಗೊತ್ತಿರಬೇಕು. ಅಮೆರಿಕದಲ್ಲಿ ಹ್ಯಾಲೋವೀನ್ ಸಂಜೆ ಮುಂಬಾಗಿಲ ದೀಪ ಉರಿಯುತ್ತಿದ್ದರೆ, ಮೆಟ್ಟಿಲ ಮೇಲೆ ಕುಂಬಳಕಾಯಿ ಕೂತಿದ್ದರೆ, 'ಈ ಮನೆಯಲ್ಲಿ ಮಿಠಾಯಿ ಕೊಡ್ತಾರೆ, ಬನ್ನಿ' ಅಂತ ಅರ್ಥ. ದೀಪ ಆರಿದ್ದರೆ 'ಬೇಡ, ಮುಂದೆ ಹೋಗಿ'. ನಾನು ಓದಿದ ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಹೇಳೋದಾದರೆ ಇದೊಂದು ಬಿಟ್‌ನ ಪ್ರೋಟೋಕಾಲ್. ಎಲ್ಲೂ ಬರೆದಿಟ್ಟಿಲ್ಲ, ಆದರೂ ಐದು ವರ್ಷದ ಮಗುವಿಗೂ ಗೊತ್ತು. ನಮ್ಮಮ್ಮಂದಿರ ಪ್ರೋಟೋಕಾಲ್‌ನಲ್ಲಿ ಹಬ್ಬದ ದಿನ ಹಣತೆ ಆರಿಸೋದು ಅಪಶಕುನ. ಎರಡು ಪ್ರೋಟೋಕಾಲ್ ಒಂದೇ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದಿದ್ದವು.

ಈ ತಮಾಷೆ ಪಕ್ಕಕ್ಕಿಡೋಣ. ಮನೆ ಮುಂದಿನ ಅಲಂಕಾರ ಒಂದು 'ಮಾತು' ಅನ್ನೋದನ್ನು ಅಲ್ಲಿನ ಕೋರ್ಟುಗಳೂ ಒಪ್ಪಿವೆ, ಪೊಲೀಸರೂ ಒಪ್ಪಿದ್ದಾರೆ. ಆ ಮಾತನ್ನು ಯಾರು ಆಡಬಹುದು, ಯಾರು ಕೇಳಿಸಿಕೊಂಡು ಒಳಗೆ ಬರಬಹುದು ಅನ್ನುವ ಪ್ರಶ್ನೆಗೆ ಒಂದು ಜೀವವೂ ಹೋಗಿದೆ.

ಮೊದಲು ಇತಿಹಾಸ, ಚಿಕ್ಕದಾಗಿ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಬರಗಾಲಕ್ಕೆ ಹೆದರಿ ವಲಸೆ ಬಂದ ಐರಿಷ್ ಜನರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಕೊರೆಯೋಕೆ ಸುಲಭ. 20ನೇ ಶತಮಾನದ ಮೊದಲ ದಶಕಗಳಲ್ಲಿ ಹ್ಯಾಲೋವೀನ್ ಅಂದರೆ ಹುಡುಗರ ಪುಂಡಾಟದ ರಾತ್ರಿ. ಗೇಟು ಕಿತ್ತುಹಾಕೋದು, ಕಿಟಕಿ ಒಡೆಯೋದು. ಇದಕ್ಕೆ ಊರಿನವರು ಕಂಡುಕೊಂಡ ಉಪಾಯವೇ ಮಿಠಾಯಿ. 'ಟ್ರಿಕ್ ಆರ್ ಟ್ರೀಟ್' ಅಂದರೆ ಸರಳವಾಗಿ 'ಕೊಡ್ತೀಯೋ, ಕಿತಾಪತಿ ಮಾಡಲೋ' ಅಂತ. ಅಂದರೆ ಇದು ಮೂಲತಃ ಒಂದು ಕದನವಿರಾಮ. ಈಗ ಆ ಕದನವಿರಾಮದ ಸುತ್ತ ದೊಡ್ಡ ಮಾರುಕಟ್ಟೆ ಬೆಳೆದಿದೆ. ಅಲ್ಲಿನ ರೀಟೇಲ್ ವ್ಯಾಪಾರಿಗಳ ಒಕ್ಕೂಟದ ಅಂದಾಜಿನಂತೆ 2024ರಲ್ಲಿ ಹ್ಯಾಲೋವೀನ್‌ಗೆ 11.6 ಬಿಲಿಯನ್ ಡಾಲರ್ ಖರ್ಚು, ಅದರಲ್ಲಿ ಅಲಂಕಾರಕ್ಕೇ 3.8 ಬಿಲಿಯನ್. ಹೋಮ್ ಡಿಪೋ ಕಂಪನಿ 2020ರಲ್ಲಿ 299 ಡಾಲರ್‌ಗೆ ಬಿಟ್ಟ 12 ಅಡಿ ಎತ್ತರದ ಅಸ್ಥಿಪಂಜರಕ್ಕೆ ಜನ ಮುಗಿಬಿದ್ದಿದ್ದರು.

ಬಾಗಿಲವರೆಗೆ ಬರೋಕೆ ಪರವಾನಗಿ

ನಿಮ್ಮ ಮನೆಯ ಕಾಂಪೌಂಡ್ ದಾಟಿ ಅಪರಿಚಿತನೊಬ್ಬ ಬಾಗಿಲು ತಟ್ಟಿದರೆ ಅದು ಅತಿಕ್ರಮಣವೇ? ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ 2013ರಲ್ಲಿ ಉತ್ತರ ಕೊಟ್ಟಿತು. ಹಬ್ಬಕ್ಕೆ ಸಂಬಂಧವೇ ಇಲ್ಲದ ಕೇಸು ಅದು. ಮಯಾಮಿಯಲ್ಲಿ ಪೊಲೀಸರು ವಾರಂಟ್ ಇಲ್ಲದೆ ಒಬ್ಬನ ಮನೆ ಜಗುಲಿಗೆ ಮಾದಕವಸ್ತು ಮೂಸುವ ನಾಯಿ ತಂದಿದ್ದರು. 'ಫ್ಲಾರಿಡಾ ವರ್ಸಸ್ ಜಾರ್ಡೀನ್ಸ್' ಅಂತ ಹೆಸರು. ಮುಂಬಾಗಿಲು ಇದೆ ಅಂದಮೇಲೆ ಅಲ್ಲಿವರೆಗೆ ನಡೆದು ಬಂದು, ತಟ್ಟಿ, ಸ್ವಲ್ಪ ಕಾದು, ಯಾರೂ ಬಾರದಿದ್ದರೆ ವಾಪಸ್ ಹೋಗುವುದಕ್ಕೆ ಎಲ್ಲರಿಗೂ ಮೌನ ಪರವಾನಗಿ ಇದೆ, ನಾಯಿ ತಂದು ಶೋಧ ಮಾಡೋಕೆ ಇಲ್ಲ ಅಂದಿತು ಕೋರ್ಟ್. ಐದಕ್ಕೆ ನಾಲ್ಕರ ತೀರ್ಪು. ಅದನ್ನು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಈ ನಿಯಮ ಅರ್ಥವಾಗೋಕೆ ಕಾನೂನು ಪಾಂಡಿತ್ಯ ಬೇಕಿಲ್ಲ ಅನ್ನೋದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹ್ಯಾಲೋವೀನ್ ಮಕ್ಕಳದ್ದೇ.

ಪರವಾನಗಿ ಮಾಮೂಲಿ ದಿನವೂ ಇದೆ. ಕುಂಬಳಕಾಯಿ, ದೀಪ ಇಟ್ಟಾಗ ಅದು ಮೌನ ಬಿಟ್ಟು ಬಾಯಿಬಿಟ್ಟು ಕರೆದಂತೆ. ಆದರೆ ಈ ಕರೆಯನ್ನು ಎಲ್ಲರೂ ನಂಬಿ ಬರೋಕಾಗುತ್ತಾ?

ಯೋಶಿಹಿರೊ ಹಟ್ಟೋರಿ ನಂಬಿದ್ದ. ಜಪಾನಿನ ನಗೋಯಾದ 16 ವರ್ಷದ ಹುಡುಗ, ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ಗೆ ಬಂದಿದ್ದ. 1992ರ ಅಕ್ಟೋಬರ್ 17ರಂದು ಒಂದು ಹ್ಯಾಲೋವೀನ್ ಪಾರ್ಟಿಗೆ ಹೊರಟ. ಜೊತೆಗೆ ಅವನಿದ್ದ ಮನೆಯ ಹುಡುಗ. ಯೋಶಿ ಹಾಕಿದ್ದು 'ಸ್ಯಾಟರ್ಡೇ ನೈಟ್ ಫೀವರ್' ಸಿನಿಮಾದ ನಾಯಕನ ಬಿಳಿ ಸೂಟು. ಹೋಗಬೇಕಿದ್ದ ಮನೆಯ ನಂಬರಿಗೂ ತಲುಪಿದ ಮನೆಯ ನಂಬರಿಗೂ ಅಂಕಿ ಹಿಂದುಮುಂದಾದಷ್ಟೇ ವ್ಯತ್ಯಾಸ. ಜೊತೆಗೆ, ಆ ಮನೆ ಮುಂದೆ ಹ್ಯಾಲೋವೀನ್ ಅಲಂಕಾರ ಇತ್ತು. ಪಾರ್ಟಿ ಮನೆ ಇದೇ ಅಂತ ಇಬ್ಬರೂ ಬೆಲ್ ಒತ್ತಿದರು.

ಪಕ್ಕದ ಬಾಗಿಲು ತೆರೆದ ಮನೆಯಾಕೆ ಗಾಬರಿಯಾಗಿ ಮುಚ್ಚಿ, ಗಂಡನಿಗೆ ಬಂದೂಕು ತರಲು ಹೇಳಿದಳು. ಆತ .44 ಮ್ಯಾಗ್ನಮ್ ಹಿಡಿದು ಬಂದು 'ಫ್ರೀಜ್' ಅಂದ. ಯೋಶಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಪಾರ್ಟಿಗೆ ಬಂದಿದ್ದೀವಿ ಅಂತ ನಗುತ್ತಾ ಮುಂದೆ ಬಂದ. ಎದೆಗೆ ಒಂದೇ ಗುಂಡು.

1993ರ ಮೇನಲ್ಲಿ ಜ್ಯೂರಿ ಆ ಮನೆ ಮಾಲೀಕನನ್ನು ನಿರ್ದೋಷಿ ಅಂದಿತು. ಮರುವರ್ಷ ಸಿವಿಲ್ ಕೋರ್ಟ್ ಮಾತ್ರ ಆತನೇ ಹೊಣೆ ಅಂದು ತಂದೆ-ತಾಯಿಗೆ ಆರೂವರೆ ಲಕ್ಷ ಡಾಲರ್ ಪರಿಹಾರಕ್ಕೆ ಆದೇಶಿಸಿತು. ತನ್ನ ಮನೆ ತನ್ನ ಕೋಟೆ, ಅದರೊಳಗೆ ಅಪಾಯ ಅನ್ನಿಸಿದರೆ ಗುಂಡು ಹಾರಿಸಬಹುದು ಅನ್ನುವ ಕಾನೂನು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ. ಒಂದೇ ಬಾಗಿಲು, ಎರಡು ಮಾತು. ಹೊರಗಿನ ಅಲಂಕಾರ 'ಬಾ' ಅನ್ನುತ್ತೆ, ಒಳಗಿನ ಬಂದೂಕು 'ನೀನ್ಯಾರು' ಅನ್ನುತ್ತೆ. ಯಾವ ಮಾತು ಗೆಲ್ಲಬೇಕು ಅನ್ನೋದು, ನನ್ನ ಪ್ರಕಾರ, ಬಂದವನ ಮುಖ ಮತ್ತು ಉಚ್ಚಾರಣೆಯ ಮೇಲೂ ನಿಂತಿರುತ್ತೆ. ಹಟ್ಟೋರಿ ದಂಪತಿ 17 ಲಕ್ಷ ಜಪಾನಿಯರ ಸಹಿ ಸಂಗ್ರಹಿಸಿ, ಬಂದೂಕು ನಿಯಂತ್ರಿಸಿ ಅಂತ 1993ರ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್‌ರನ್ನು ಭೇಟಿಯಾದರು. ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಬ್ರೇಡಿ ಕಾಯ್ದೆಗೆ ಕ್ಲಿಂಟನ್ ಸಹಿ ಹಾಕಿದ್ದು ಅದೇ ತಿಂಗಳ ಕೊನೆಗೆ.

ಸರ್ಕಾರ ನೆಟ್ಟ ಬೋರ್ಡು

ಇನ್ನು ಉಲ್ಟಾ ಪ್ರಶ್ನೆ. 'ಬನ್ನಿ' ಅನ್ನೋ ಮಾತನ್ನು ಯಾರು ಆಡಬಾರದು?

ಅಲಂಕಾರ ವಾಕ್ ಸ್ವಾತಂತ್ರ್ಯದ ಅಡಿ ಬರುತ್ತೆ ಅನ್ನೋದು ಒಂದು ಬೀದಿಜಗಳದಲ್ಲಿ ಸಾಬೀತಾಗಿತ್ತು. 2004ರಲ್ಲಿ ಷಿಕಾಗೊ ಸಮೀಪದ ಬ್ಲೂಮಿಂಗ್‌ಡೇಲ್‌ನಲ್ಲಿ ನೆರೆಹೊರೆಯವರ ಮೇಲೆ ಸಿಟ್ಟಾದ ಮನೆಯವರು ಅಂಗಳದಲ್ಲಿ ಹ್ಯಾಲೋವೀನ್ ಸಮಾಧಿ ಕಲ್ಲುಗಳನ್ನು ನೆಟ್ಟು, ಅದರ ಮೇಲೆ ಪಕ್ಕದ ಮನೆಯವರ ಹೆಸರು ಬರೆದು ಬೈದಿದ್ದರು. ತೆಗೆಯಿರಿ, ಇಲ್ಲಾಂದ್ರೆ ಅರೆಸ್ಟ್ ಅಂದರು ಪೊಲೀಸರು. ಸಮಾಧಿ ಕಲ್ಲಿನ ಬೈಗುಳಕ್ಕೂ ಸಂವಿಧಾನದ ರಕ್ಷಣೆ ಇದೆ ಅಂತ ಫೆಡರಲ್ ಮೇಲ್ಮನವಿ ಕೋರ್ಟ್ 2008ರಲ್ಲಿ ಹೇಳಿತು. (ಪೊಲೀಸ್ ಅಧಿಕಾರಿಗೆ ಶಿಕ್ಷೆ ಏನೂ ಆಗಲಿಲ್ಲ. ಇದು ಎಲ್ಲ ದೇಶದ ಕಥೆ.)

ಈ ಸ್ವಾತಂತ್ರ್ಯ ಸರ್ಕಾರದ ವಿರುದ್ಧ ಮಾತ್ರ. ಗೇಟೆಡ್ ಬಡಾವಣೆಯ ಮನೆ ಮಾಲೀಕರ ಸಂಘ ಕುಂಬಳಕಾಯಿ ಎಷ್ಟು ದಿನ ಇಡಬಹುದು ಅಂತ ನಿಯಮ ಮಾಡಿ ದಂಡ ಹಾಕಿದರೆ ಸಂವಿಧಾನ ಸಾಮಾನ್ಯವಾಗಿ ನೆರವಿಗೆ ಬರಲ್ಲ. ಮನೆ ಕೊಳ್ಳುವಾಗ ಸಹಿ ಹಾಕಿದ್ದು ನೀವೇ ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಶೂ ರ‍್ಯಾಕ್ ಜಗಳ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನಿಜವಾದ ಪರೀಕ್ಷೆ ಬಂದಿದ್ದು ಸಮಾಜ ದ್ವೇಷಿಸುವ ಜನರ ವಿಷಯದಲ್ಲಿ. ಮಿಸೌರಿ ರಾಜ್ಯ 2008ರಲ್ಲಿ ಒಂದು ಕಾನೂನು ತಂದಿತು. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿರುವವರು ಹ್ಯಾಲೋವೀನ್ ದಿನ ಸಂಜೆ 5ರಿಂದ 10.30ರವರೆಗೆ ಮನೆಯೊಳಗೇ ಇರಬೇಕು, ಹೊರಗಿನ ದೀಪ ಆರಿಸಬೇಕು, ಇಲ್ಲಿ ಮಿಠಾಯಿ ಇಲ್ಲ ಅಂತ ಬೋರ್ಡ್ ಹಾಕಬೇಕು. ಜಾರ್ಜಿಯಾದ ಬಟ್ಸ್ ಕೌಂಟಿಯ ಶೆರಿಫ್ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಸಿಬ್ಬಂದಿಯಿಂದಲೇ ಅಂಥವರ ಅಂಗಳದಲ್ಲಿ ಎಚ್ಚರಿಕೆ ಬೋರ್ಡ್ ನೆಡಿಸಿದ.

ಕೇಳಿದ ತಕ್ಷಣ ಸರಿ ಅನ್ನಿಸುತ್ತೆ, ನನಗೂ ಅನ್ನಿಸಿತ್ತು. ಆಮೇಲೆ ಡೇಟಾ ನೋಡಿದೆ. 30 ರಾಜ್ಯಗಳಲ್ಲಿ 1997ರಿಂದ 2005ರವರೆಗೆ ಕುಟುಂಬದ ಹೊರಗಿನವರಿಂದ ಮಕ್ಕಳ ಮೇಲೆ ನಡೆದ 67,045 ಲೈಂಗಿಕ ಅಪರಾಧಗಳನ್ನು ಪರಿಶೀಲಿಸಿದ 2009ರ ಅಧ್ಯಯನಕ್ಕೆ ಹ್ಯಾಲೋವೀನ್ ಸುತ್ತಮುತ್ತ ಯಾವ ಏರಿಕೆಯೂ ಕಾಣಲಿಲ್ಲ. ವಿಷದ ಮಿಠಾಯಿಯ ಭಯವೂ ಹೀಗೇ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ದಶಕಗಳ ವರದಿಗಳನ್ನು ಜಾಲಾಡಿದರೂ, ಅಪರಿಚಿತರು ಹಂಚಿದ ಮಿಠಾಯಿಯಿಂದ ಮಗು ಸತ್ತ ಒಂದು ಪ್ರಕರಣವೂ ದೃಢಪಡಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಸಯನೈಡ್ ಮಿಠಾಯಿ ತಿಂದು ಸತ್ತ ಎಂಟು ವರ್ಷದ ಹುಡುಗನಿಗೆ ಅದನ್ನು ಕೊಟ್ಟಿದ್ದು ಅವನ ಸ್ವಂತ ಅಪ್ಪ, ಇನ್ಶೂರೆನ್ಸ್ ಹಣಕ್ಕೆ. ಆ ರಾತ್ರಿಯ ನಿಜವಾದ ಅಪಾಯ ರಸ್ತೆಯಲ್ಲಿದೆ. 42 ವರ್ಷಗಳ ಅಂಕಿಅಂಶ ತೆಗೆದ 2018ರ ಅಧ್ಯಯನದ ಪ್ರಕಾರ ಹ್ಯಾಲೋವೀನ್ ಸಂಜೆ ಪಾದಚಾರಿಗಳ ಸಾವಿನ ಅಪಾಯ ಬೇರೆ ಸಂಜೆಗಳಿಗಿಂತ 43% ಜಾಸ್ತಿ. ಬೋರ್ಡ್ ನೆಡೋಕೆ ಹೋದ ಸಿಬ್ಬಂದಿ ಅವತ್ತು ಸಂಜೆ ಕ್ರಾಸಿಂಗ್‌ಗಳಲ್ಲಿ ನಿಂತಿದ್ದರೆ ಹೆಚ್ಚು ಉಪಯೋಗ ಆಗ್ತಿತ್ತು. ಆದರೆ ಬೋರ್ಡು ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ.

2022ರ ಜನವರಿಯಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಶೆರಿಫ್ ವಿರುದ್ಧ ತೀರ್ಪು ಕೊಟ್ಟಿತು. ವ್ಯಕ್ತಿಯ ಮನೆಯಂಗಳದಲ್ಲಿ ಸರ್ಕಾರ ತನ್ನ ಮಾತನ್ನು ನೆಟ್ಟರೆ ಅದು ಆ ವ್ಯಕ್ತಿಯ ಬಾಯಿಂದ ಬಲವಂತವಾಗಿ ಮಾತಾಡಿಸಿದಂತೆ ಅನ್ನೋದು ವಾದ. ಇದಕ್ಕೆ ಆಧಾರ 1977ರ ಒಂದು ಹಳೇ ಕೇಸು, ಕಾರಿನ ನಂಬರ್ ಪ್ಲೇಟ್ ಮೇಲಿನ ರಾಜ್ಯದ ಘೋಷಣೆಯನ್ನು ಮುಚ್ಚಿಕೊಂಡಿದ್ದ ಯೆಹೋವನ ಸಾಕ್ಷಿ ಪಂಥದವನದ್ದು. 2024ರ ಅಕ್ಟೋಬರ್‌ನಲ್ಲಿ ಮಿಸೌರಿಯ ಬೋರ್ಡ್ ನಿಯಮವನ್ನೂ ಅಲ್ಲಿನ ಫೆಡರಲ್ ಕೋರ್ಟ್ ಅಸಾಂವಿಧಾನಿಕ ಅಂದಿತು. ದೀಪ ಆರಿಸುವ, ಒಳಗಿರುವ ಷರತ್ತುಗಳನ್ನು ಅದು ಮುಟ್ಟಲಿಲ್ಲ. ಅಂದರೆ ಸದ್ಯದ ಲೆಕ್ಕ ಹೀಗೆ: 'ಬರಬೇಡಿ' ಅಂತ ಹೇಳಿಸೋ ಹಾಗಿಲ್ಲ, 'ಬನ್ನಿ' ಅನ್ನೋದನ್ನು ತಡೆಯಬಹುದು.

ಅಪರಾಧಿಗಳ ಹಕ್ಕಿನ ಬಗ್ಗೆ ಇಷ್ಟೊಂದು ಯಾಕೆ ಅಂತ ಕೇಳುವವರು 2020 ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಮನೆ ಬಾಗಿಲಿಗೆ ಕ್ವಾರಂಟೈನ್ ನೋಟಿಸ್ ಅಂಟಿಸಿದಾಗ ಒಳಗಿದ್ದವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಪಕ್ಕದ ಮನೆಯವರು ಹಾಲಿನ ಪ್ಯಾಕೆಟ್ ಮುಟ್ಟೋಕೂ ಹೆದರಿದ್ದು ಆ ಕಾಗದ ನೋಡಿ. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶ ಇಲ್ಲದೆ ಹಾಗೆ ಅಂಟಿಸಬಾರದು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು.

ಗೆಳೆಯನ ಮನೆ ಕಥೆ ಏನಾಯ್ತು ಅಂದ್ರೆ, ಕ್ಯಾಂಡಿ ಮುಗಿದ ಮೇಲೆ ಅವರಮ್ಮ ತಾವೇ ಮಾಡಿದ ಕೊಬ್ಬರಿ ಮಿಠಾಯಿ ತಟ್ಟೆ ಹಿಡಿದು ಬಾಗಿಲಿಗೆ ಬಂದರಂತೆ. ಮೊಮ್ಮಗಳು ತಡೆದಳು. ಮನೇಲಿ ಮಾಡಿದ್ದು, ಪ್ಯಾಕ್ ಆಗದೇ ಇರೋದನ್ನು ಯಾರೂ ತಗೊಳ್ಳಲ್ಲ ಅಜ್ಜಿ, ಅವರ ಅಪ್ಪ-ಅಮ್ಮ ಮನೆಗೆ ಹೋದಮೇಲೆ ಎಸೀತಾರೆ ಅಂತ. ಅಜ್ಜಿ ಹಣತೆ ಮಾತ್ರ ಆರಿಸಲಿಲ್ಲ. ಕೊನೆಗೆ ಇವನೇ ಒಂಬತ್ತೂವರೆವರೆಗೆ ಮೆಟ್ಟಿಲ ಮೇಲೆ ಜಾಕೆಟ್ ಹಾಕ್ಕೊಂಡು ಕೂತು, ಬಂದ ಬಂದ ಮಕ್ಕಳಿಗೆಲ್ಲ ಸಾರಿ ಹೇಳಿ ಕಳಿಸಿದ.