ಸಾರ್ವಜನಿಕ ಐಪಿ ವಿಳಾಸವಿಲ್ಲದ ಗೃಹಗಣಕಕ್ಕೆ ದೂರಪ್ರವೇಶ

ಸಾರ್ವಜನಿಕ ಐಪಿ ವಿಳಾಸವಿಲ್ಲದ ಗೃಹಗಣಕಕ್ಕೆ ದೂರಪ್ರವೇಶ ಎಂದರೆ, ಅಂತರಜಾಲದಲ್ಲಿ ತನ್ನದೇ ಆದ ವಿಳಾಸವನ್ನು ಹೊಂದಿರದ ಗಣಕವನ್ನು ಬೇರೊಂದು ಸ್ಥಳದಿಂದ ತಲುಪಿ ನಿರ್ವಹಿಸುವ ಕ್ರಮ. 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ರಾಸ್‌ಬೆರಿ ಪೈ ಹಾಗೂ ಅದರಂತಹ ಏಕಫಲಕ ಗಣಕಗಳು ಅಲ್ಪ ವಿದ್ಯುತ್ತಿನಲ್ಲಿ ಹಗಲಿರುಳು ನಡೆಯಬಲ್ಲವು. ಕಡತಗಳ ಸಂಗ್ರಹ, ಕ್ಯಾಮೆರಾದ ಕಣ್ಗಾವಲು, ಹವಾಮಾನದ ದಾಖಲೆ ಮೊದಲಾದ ಕೆಲಸಗಳಿಗೆ ಇವನ್ನು ಮನೆಯಲ್ಲಿ ಇರಿಸಿಕೊಂಡವರಿಗೆ ಈ ಕ್ರಮದ ಅಗತ್ಯ ಬೀಳುತ್ತದೆ.

ಹಿನ್ನೆಲೆ

ಐಪಿವಿ4 ವಿಳಾಸವು 32 ಬಿಟ್‌ಗಳದ್ದಾದುದರಿಂದ ಒಟ್ಟು ವಿಳಾಸಗಳ ಸಂಖ್ಯೆ ಸುಮಾರು 429 ಕೋಟಿಗೆ ಸೀಮಿತವಾಗಿದೆ. ಇವುಗಳ ಕೇಂದ್ರೀಯ ದಾಸ್ತಾನಿನ ಕೊನೆಯ ಐದು ಭಾಗಗಳನ್ನು 2011ರ ಫೆಬ್ರುವರಿ 3ರಂದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಲಾಯಿತು. ಮನೆಯ ರೌಟರ್ ಒಂದೇ ವಿಳಾಸವನ್ನು ಹಲವು ಸಾಧನಗಳಿಗೆ ಹಂಚುವ ವಿಳಾಸ ಪರಿವರ್ತನೆಯು (ನ್ಯಾಟ್) ಅದಕ್ಕೂ ಮೊದಲೇ ರೂಢಿಯಲ್ಲಿತ್ತು. ಮುಂದೆ ಸೇವಾದಾತರೂ ಇದೇ ತಂತ್ರವನ್ನು ಅನುಸರಿಸಿ, ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸತೊಡಗಿದರು. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕಾಗಿಯೇ ಮೀಸಲಿಡಲಾಯಿತು. ರೌಟರ್‌ನ ಹೊರಮುಖದ ವಿಳಾಸ ಈ ವ್ಯಾಪ್ತಿಯಲ್ಲಿದ್ದರೆ ಗ್ರಾಹಕನು ಸಿಜಿನ್ಯಾಟ್‌ನ ಹಿಂದಿದ್ದಾನೆಂದು ತಿಳಿಯಬಹುದು.

ಇಂತಹ ಸಂಪರ್ಕದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಫಲಿಸುವುದಿಲ್ಲ. ಮನೆಯ ರೌಟರ್‌ನಲ್ಲಿ ಬಾಗಿಲು ತೆರೆದರೂ ಅದರಾಚೆಗಿನ ಇನ್ನೊಂದು ಬಾಗಿಲು ಸೇವಾದಾತರ ವಶದಲ್ಲಿರುತ್ತದೆ. ಈ ಸಮಸ್ಯೆಗೆ ಆಗಾಗ ಸೂಚಿಸಲಾಗುವ ಡೈನಾಮಿಕ್ ಡಿಎನ್‌ಎಸ್ ಕೂಡ ಪರಿಹಾರವಲ್ಲ. ಅದು ನೀಡುವ ಹೆಸರು ಹಲವರು ಹಂಚಿಕೊಂಡ ವಿಳಾಸವನ್ನೇ ತೋರಿಸುತ್ತದೆ.

ಕಾರ್ಯವಿಧಾನ

ಒಳಗಿನಿಂದ ಹೊರಗೆ ಹೋಗುವ ಸಂಪರ್ಕಕ್ಕೆ ನ್ಯಾಟ್ ಅಡ್ಡಿಪಡಿಸುವುದಿಲ್ಲ. ಅದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಅದಕ್ಕೆ ಬರುವ ಉತ್ತರವನ್ನು ಒಳಗೆ ಬಿಡುತ್ತದೆ. ಆದ್ದರಿಂದ ಇಲ್ಲಿನ ಎಲ್ಲ ಉಪಾಯಗಳಲ್ಲೂ ಮನೆಯ ಗಣಕವೇ ಮೊದಲು ಹೊರಗಿನವರನ್ನು ಸಂಪರ್ಕಿಸಬೇಕು.

ಹಳೆಯದೂ ಸರಳವೂ ಆದುದು ಎಸ್‌ಎಸ್‌ಎಚ್ ಹಿಮ್ಮುಖ ಸುರಂಗ. ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಫಿನ್‌ಲೆಂಡ್‌ನ ತಾತು ಯುಲೋನೆನ್ ರೂಪಿಸಿದರು. ಸಾರ್ವಜನಿಕ ವಿಳಾಸವುಳ್ಳ ಬಾಡಿಗೆಯ ಸರ್ವರ್ ಒಂದಕ್ಕೆ ಮನೆಯ ಗಣಕ ಸಂಪರ್ಕ ಸಾಧಿಸಿ, ಅಲ್ಲಿನ ಒಂದು ಪೋರ್ಟ್‌ಗೆ, ಉದಾಹರಣೆಗೆ 2222ಕ್ಕೆ, ಬಂದುದನ್ನೆಲ್ಲ ತನ್ನ 22ನೇ ಪೋರ್ಟ್‌ಗೆ ಕಳುಹಿಸುವಂತೆ ಕೋರುತ್ತದೆ. ಸಾಮಾನ್ಯ ಸಂರಚನೆಯಲ್ಲಿ ಈ ಪೋರ್ಟ್ ಸರ್ವರ್‌ನ ಒಳಗಿನಿಂದ ಮಾತ್ರ ತೆರೆದಿರುತ್ತದೆ. ಬಳಕೆದಾರ ಮೊದಲು ಸರ್ವರ್ ಪ್ರವೇಶಿಸಿ ಅಲ್ಲಿಂದ ಮನೆಗೆ ಹೋಗಬೇಕು. ಸುರಕ್ಷತೆಯ ದೃಷ್ಟಿಯಿಂದ ಇದೇ ಒಳ್ಳೆಯದು. ವಿದ್ಯುತ್ ಹೋಗಿ ಬಂದಾಗ ಸುರಂಗ ತಾನಾಗಿಯೇ ಮತ್ತೆ ಏರ್ಪಡಲು ಸಿಸ್ಟಂಡಿ ಅಥವಾ ಆಟೋಎಸ್‌ಎಸ್‌ಎಚ್ ಬಳಸುತ್ತಾರೆ.

2020ರಲ್ಲಿ ಲಿನಕ್ಸ್ ಕರ್ನೆಲ್‌ನ 5.6ನೇ ಆವೃತ್ತಿಗೆ ಸೇರಿದ ವೈರ್‌ಗಾರ್ಡ್ ಒಂದು ಪೋರ್ಟ್‌ನ ಬದಲು ಇಡೀ ಖಾಸಗಿ ಜಾಲವನ್ನೇ ಕಟ್ಟಿಕೊಡುತ್ತದೆ. ಬಳಕೆಯಿಲ್ಲದ ಸಂಪರ್ಕವನ್ನು ನ್ಯಾಟ್ ಪಟ್ಟಿಯಿಂದ ಅಳಿಸಿಹಾಕುವುದರಿಂದ, ಮನೆಯ ತುದಿಯಿಂದ 25 ಸೆಕೆಂಡುಗಳಿಗೊಮ್ಮೆ ಚಿಕ್ಕ ಸಂದೇಶ ಕಳುಹಿಸುವ ವ್ಯವಸ್ಥೆ ಮಾಡಿಕೊಳ್ಳುವುದು ವಾಡಿಕೆ. ವೈರ್‌ಗಾರ್ಡ್ ಆಧಾರಿತ ಟೇಲ್‌ಸ್ಕೇಲ್‌ನಲ್ಲಿ ಎರಡೂ ಗಣಕಗಳು ಮಧ್ಯವರ್ತಿಯಿಂದ ಪರಸ್ಪರರ ಹೊರವಿಳಾಸವನ್ನು ತಿಳಿದು, ಏಕಕಾಲಕ್ಕೆ ಸಂದೇಶ ಕಳುಹಿಸಿ ನೇರ ದಾರಿ ಮಾಡಿಕೊಳ್ಳಲು ಯತ್ನಿಸುತ್ತವೆ. ಅದು ಸಾಧ್ಯವಾಗದಿದ್ದಲ್ಲಿ ಮಧ್ಯದ ಸರ್ವರ್ ಮೂಲಕವೇ ಸಂವಹನ ನಡೆಯುತ್ತದೆ. ಟಾರ್ ಜಾಲದ ಆನಿಯನ್ ಸೇವೆಗೆ ಬಾಡಿಗೆಯ ಸರ್ವರ್ ಬೇಕಿಲ್ಲ, ಆದರೆ ವೇಗ ಕಡಿಮೆ. ಐಪಿವಿ6 ಲಭ್ಯವಿದ್ದರೆ ಸುರಂಗವೇ ಬೇಕಾಗದು. ಎರಡೂ ತುದಿಗಳಲ್ಲಿ ಅದು ಇರಬೇಕು, ರೌಟರ್‌ನ ಫೈರ್‌ವಾಲ್ ಒಳಬರುವ ಸಂಪರ್ಕಕ್ಕೆ ಎಡೆಗೊಡಬೇಕು.

ಸುರಕ್ಷತೆ

ಸಿಜಿನ್ಯಾಟ್ ಗ್ರಾಹಕನಿಗೆ ತೊಡಕಾದರೂ ದುರ್ಬಲ ಸಾಧನಗಳನ್ನು ಹೊರಗಿನವರ ಕಣ್ಣಿನಿಂದ ಮರೆಮಾಡುತ್ತದೆ. ಸುರಂಗವನ್ನು ಸಾರ್ವಜನಿಕವಾಗಿ ತೆರೆದರೆ ಆ ಮರೆ ಇಲ್ಲವಾಗುತ್ತದೆ. ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಉಳಿಸಿದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ವಶಪಡಿಸಿಕೊಂಡಿತ್ತು. ರಾಸ್‌ಬೆರಿ ಪೈ ಕಾರ್ಯಾಚರಣ ವ್ಯವಸ್ಥೆಯಲ್ಲೂ 2022ರ ಏಪ್ರಿಲ್‌ವರೆಗೆ ಎಲ್ಲರಿಗೂ ತಿಳಿದಿದ್ದ ಒಂದೇ ಬಳಕೆದಾರ ಹೆಸರು ಮತ್ತು ಗುಪ್ತಪದ ಇರುತ್ತಿದ್ದವು. ಆದುದರಿಂದ ಗುಪ್ತಪದದ ಪ್ರವೇಶವನ್ನು ನಿಲ್ಲಿಸಿ ಕೀಲಿಜೋಡಿಯನ್ನು ಬಳಸುವುದು ಅವಶ್ಯಕ. ಸುರಂಗಕ್ಕೆಂದು ಮನೆಯ ಗಣಕದಲ್ಲಿಟ್ಟ ಕೀಲಿಗೆ ಸರ್ವರ್‌ನಲ್ಲಿ ಸುರಂಗ ತೆರೆಯುವ ಅನುಮತಿಯನ್ನಷ್ಟೇ ನೀಡಬೇಕು. ಗಣಕ ಕಳುವಾದರೆ ಸರ್ವರ್ ಸಹ ಕೈತಪ್ಪಬಾರದು.

ಮಧ್ಯವರ್ತಿಯ ಮೇಲಿನ ನಂಬಿಕೆ ಎಲ್ಲ ವಿಧಾನಗಳಲ್ಲೂ ಒಂದೇ ಅಲ್ಲ. ಸುರಂಗದೊಳಗೆ ಮನೆಯ ಗಣಕದವರೆಗೂ ಎಸ್‌ಎಸ್‌ಎಚ್ ನಡೆದರೆ, ಮನೆಯ ಗಣಕದ ಗುರುತುಕೀಲಿಯನ್ನು ಪರಿಶೀಲಿಸಿದ ಬಳಕೆದಾರನ ಸಂವಹನವನ್ನು ಸರ್ವರ್‌ನ ಒಡೆಯ ಓದಲಾರ. ಗೂಢಲಿಪೀಕರಣವು ಮಧ್ಯವರ್ತಿಯಲ್ಲೇ ಕೊನೆಗೊಳ್ಳುವ ಜಾಲತಾಣ ಸುರಂಗಗಳಲ್ಲಿ, ಮನೆಯ ಕ್ಯಾಮೆರಾದ ದೃಶ್ಯವೂ ಸೇರಿದಂತೆ ಎಲ್ಲವೂ ಆ ಸಂಸ್ಥೆಗೆ ಗೋಚರಿಸಬಲ್ಲದು.