ಎಳೆಯ ಕೋಳಿ ಮರಿಗಳಿಗೆ ತಿನ್ನಲು ಕಲಿಸುವ ಕ್ರಮ

ಒಂದು ದಿನದ ಕೋಳಿ ಮರಿಗಳನ್ನು ಕೊಂಡು ತಂದ ನಮ್ಮ ರೈತರು, “ಮೂರು ದಿನ ಚೆನ್ನಾಗಿದ್ದುವು, ನಾಲ್ಕನೆಯ ದಿನ ಒಂದೊಂದಾಗಿ ಸತ್ತುವು” ಎಂದು ಹೇಳುವುದುಂಟು. ಕೆಲವರು ದೃಷ್ಟಿಯಾಯಿತೆನ್ನುವರು, ಕೆಲವರು ರೋಗವೆನ್ನುವರು. ಅನೇಕ ವೇಳೆ ಎರಡೂ ಅಲ್ಲ. ಆ ಮರಿಗಳು ತಿನ್ನುವುದನ್ನೇ ಕಲಿತಿರುವುದಿಲ್ಲ.

ಮೊಟ್ಟೆಯೊಳಗೆ 21 ದಿನ ಬೆಳೆಯುವ ಮರಿಯು ಹೊರಬರುವ ಮುನ್ನ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಈ ಬುತ್ತಿ ಎರಡು ಮೂರು ದಿನಕ್ಕೆ ಸಾಲುತ್ತದೆ. ದೂರದ ಊರಿನಿಂದ ಮರಿಗಳನ್ನು ತರಲಾಗುವುದೂ ಇದರಿಂದಲೇ. ಬುತ್ತಿ ತೀರುವುದರೊಳಗೆ ಕಾಳು ಕುಕ್ಕಲು ಕಲಿಯದ ಮರಿ ಉಳಿಯದು. ಆದುದರಿಂದ ತಂದ ದಿನವೇ ಪಾಠ ಆರಂಭವಾಗತಕ್ಕದ್ದು.

ಮೊದಲನೆಯದು ಶಾಖ. ಚಳಿಯಾದ ಮರಿ ಮೇವಿನತ್ತ ಬಾರದು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಲಿ. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಿರಿ. ಮರಿಗಳು ಗುಂಪುಗಟ್ಟಿ ಕಿರುಚಿದರೆ ಚಳಿ. ಬಾಯಿ ತೆರೆದು ದೂರ ಸರಿದರೆ ಸೆಕೆ. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತೇ ಹೊರತು ಬೇಕಾದಷ್ಟು ಶಾಖ ಕೊಡದು. ಹಳೆಯ ತರದ ಕಾಯುವ ಬಲ್ಬೇ ಬೇಕು. ಮೂಲೆಯಲ್ಲಿ ಒತ್ತಿ ಸಾಯದಂತೆ ಸುತ್ತಲೂ ದುಂಡಗೆ ತಡಿಕೆ ಕಟ್ಟಿರಿ.

ಎರಡನೆಯದು ನೀರು. ಉಗುರು ಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕದಡಿ, ಆಳವಿಲ್ಲದ ತಟ್ಟೆಯಲ್ಲಿಡಿರಿ. ಮರಿ ಮುಳುಗದಂತೆ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿರಿ. ಕೆಲವು ಮರಿಗಳ ಕೊಕ್ಕಿನ ತುದಿಯನ್ನು ಮೆಲ್ಲಗೆ ನೀರಿಗೆ ಮುಟ್ಟಿಸಿದರೆ ಉಳಿದವು ನೋಡಿ ಕಲಿಯುತ್ತವೆ. ಮೂಗಿನ ಹೊಳ್ಳೆ ಮುಳುಗಿಸಬಾರದು.

ಮೂರನೆಯದು ಮೇವು. ಮೊದಲ ದಿನ ನೆಲಕ್ಕೆ ಹಳೆಯ ಕಾಗದ ಹಾಸಿ, ಜೋಳದ ನುಚ್ಚನ್ನೋ ಅಕ್ಕಿ ನುಚ್ಚನ್ನೋ ಚೆಲ್ಲಿರಿ. ತಾಯಿ ಹೇಟೆ ಕಾಳನ್ನು ಕುಕ್ಕಿ, ಕೊಕ್ಕೊಕ್ಕೆಂದು ಮರಿಗಳನ್ನು ಕರೆಯುತ್ತದೆ. ತಾಯಿಯಿಲ್ಲದೆಡೆ ನಿಮ್ಮ ಬೆರಳ ತುದಿಯಿಂದ ಕಾಗದವನ್ನು ಟಕಟಕನೆ ತಟ್ಟಿರಿ. ಮರಿಗಳು ಓಡಿಬಂದು ಕುಕ್ಕುತ್ತವೆ. ಎರಡನೆಯ ದಿನದಿಂದ ಮರಿ ಮೇವನ್ನು ತಟ್ಟೆಯಲ್ಲಿ ಕೊಡಿರಿ. ಬರಿಯ ನುಚ್ಚಿನಿಂದ ಮರಿ ಬೆಳೆಯದು.

ರಾತ್ರಿ ಪ್ರತಿ ಮರಿಯ ಕುತ್ತಿಗೆಯ ಬುಡದ ಮೇವುಚೀಲವನ್ನು ಮುಟ್ಟಿ ನೋಡಿರಿ. ಮೆತ್ತಗೆ ತುಂಬಿದ್ದರೆ ತಿಂದಿದೆ. ಗಟ್ಟಿಯಾಗಿದ್ದರೆ ನೀರು ಸಾಲದು. ಖಾಲಿಯಿದ್ದ ಮರಿಯನ್ನು ಬೇರ್ಪಡಿಸಿ, ಬಲ್ಬಿನ ಹತ್ತಿರ ಮತ್ತೆ ಪಾಠ ಹೇಳಿರಿ.

ಇಷ್ಟಾದರೂ ಮರಿಗಳು ಸತ್ತರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ನಮ್ಮ ಮತ್ತಿಗಿರಿಯಲ್ಲೇ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೋಳಿ ಸಾಕಣೆಯ ಕಾಲೇಜಿದೆ, ಅಲ್ಲಿಯೂ ವಿಚಾರಿಸಬಹುದು.